ಪುಟ್ಟ ರೈಫಲ್ಲಿಗೆ ಪುಟ್ಟ ಸ್ಕೋಪ್: ಮೂರನೇ ಸಲಕ್ಕೆ ನಾನು ಕಲಿತದ್ದು

ನನ್ನ ಮೊದಲ ಸ್ಕೋಪ್, ಅಂದರೆ ರೈಫಲ್ ಮೇಲೆ ಕೂರಿಸುವ ಗುರಿ ದುರ್ಬೀನು, ನೋಡಿ ಆ ಹೊಲದ ಯಜಮಾನರು ನಕ್ಕುಬಿಟ್ಟರು. "ಇದರಲ್ಲಿ ಚಂದ್ರನ ಮೇಲಿನ ಗುಂಡಿ ಎಣಿಸಬಹುದು ಕಣಪ್ಪಾ. ನನ್ನ ಹೊಲದ ಅಳಿಲು ಮಾತ್ರ ಸಿಗಲ್ಲ" ಅಂದರು. ಹೇಳಿದ್ದು ಇಂಗ್ಲಿಷಿನಲ್ಲಿ. ಧಾಟಿ ಮಾತ್ರ ನಮ್ಮೂರ ಅಜ್ಜಂದಿರದ್ದೇ.

ಅದು ಅಮೆರಿಕದ ಐಡಾಹೊ ರಾಜ್ಯ, ಬಾಯ್ಸಿ ಊರಿನ ದಕ್ಷಿಣಕ್ಕೆ, ಮಾರ್ಚ್ ಕೊನೆ. ಎದುರಿಗೆ ಕುದುರೆ ಮೆಂತೆ ಹೊಲ. ನಮ್ಮಲ್ಲಿ ಹಸು ಸಾಕುವವರು ಲೂಸರ್ನ್ ಅಂತಾರಲ್ಲ, ಅದೇ ಮೇವು. ಇಲ್ಲಿ ಅಲ್ಫಾಲ್ಫಾ ಅನ್ನುತ್ತಾರೆ. ಹೊಲದ ತುಂಬ ಬಿಲ. ಒಂದೊಂದು ಬಿಲದ ಬಾಯಲ್ಲೂ ನೆಲದಳಿಲು ನಿಂತು ಸಿಳ್ಳೆ ಹಾಕುತ್ತಿತ್ತು. ಎದ್ದು ನಿಂತರೆ ಒಂದು ಉದ್ದ ಸ್ಟೀಲ್ ಲೋಟದಷ್ಟು ಎತ್ತರ, ಅಷ್ಟೇ. ಬೆಳೆ ಮೇಯುತ್ತವೆ, ಬಿಲದ ಮಣ್ಣು ಕೊಯ್ಲಿನ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ರೈತರು ತಾವಾಗಿಯೇ ಕರೆಯುತ್ತಾರೆ. ಇಂಥ ಪ್ರಾಣಿಗಳಿಗೆ ಇಲ್ಲಿನ ಆಡುಮಾತಲ್ಲಿ 'ವಾರ್ಮಿಂಟ್' ಅಂತ ಹೆಸರು.

ನನ್ನ ಕೈಯಲ್ಲಿ ರೂಗರ್ 10/22. ಎರಡೂಕಾಲು ಕಿಲೋ ತೂಕದ ಪುಟ್ಟ .22 ರೈಫಲ್, ಅಂದರೆ ಗುಂಡಿನ ದಪ್ಪ ಇಂಚಿನ ನೂರರಲ್ಲಿ 22 ಭಾಗ. ಅದರ ಮೇಲೆ ಸುಮಾರು 700 ಗ್ರಾಂ ತೂಕದ 6-24×50 ಸ್ಕೋಪ್ ಕೂತಿತ್ತು, ಕತ್ತೆ ಮರಿಯ ಮೇಲೆ ಅಂಬಾರಿ ಇಟ್ಟ ಹಾಗೆ. ಅಳಿಲು 40 ಗಜ ದೂರದಲ್ಲಿತ್ತು, ಬರಿಗಣ್ಣಿಗೇ ಕಾಣುತ್ತಿತ್ತು. ಸ್ಕೋಪು 18 ಪಟ್ಟು ದೊಡ್ಡದು ಮಾಡುವ ಗುರುತಿಗೆ ತಿರುಗಿತ್ತು. ಕಣ್ಣಿಟ್ಟರೆ ಬರೀ ಹಸಿರು. ಒಂದು ಬಾಗಿಲಿನ ಅಗಲದಷ್ಟು ಹಸಿರು, ಅದೂ ನಡುಗುವ ಹಸಿರು. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಅಳಿಲು ಕಂಡಾಗ ಅದರ ಬಾಲ ಬಿಲದೊಳಗೆ ಹೋಗುತ್ತಿತ್ತು.

ನಾನು ಕೊಡಗಿನವನು. ಕೈಲ್ ಪೋಳ್ದ್ ಹಬ್ಬದ ದಿನ ಕೋವಿಯ ಬಾಯಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನು. ಅಲ್ಲಿ ಸ್ಕೋಪಿಲ್ಲ, ಗೀಪಿಲ್ಲ. 'ಕೋವಿ ಗೊತ್ತು, ಸ್ಕೋಪ್ ಏನು ಮಹಾ' ಅಂತ ಅಂದುಕೊಂಡಿದ್ದೆ. ಆ ಜಂಬಕ್ಕೆ ಎರಡು ಸ್ಕೋಪಿನ ದುಡ್ಡು ತೆತ್ತೆ. ಮೂರನೆಯದು ಸರಿಹೋಯಿತು. ನಿಮಗೆ ಮೊದಲನೆಯದೇ ಸರಿಹೋಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಕಾನೂನು, ಬೇಗ ಮುಗಿಸೋಣ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನುವುದು ಅಜ್ಜಂದಿರ ಕಥೆಯಾಯಿತು. ಆದ್ದರಿಂದ ಇಲ್ಲಿ ಬರುವ ಬೇಟೆಯ ಮಾತೆಲ್ಲ ಐಡಾಹೊದ್ದು.

ಇಲ್ಲಿ ಗ್ರೀನ್ ಕಾರ್ಡ್ ಇದ್ದವರಿಗೆ ತೊಂದರೆ ಇಲ್ಲ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಹುಷಾರು. ಫೆಡರಲ್ ಕಾನೂನಿನ ಪ್ರಕಾರ ಅವರು ಬಂದೂಕು ಮುಟ್ಟುವ ಹಾಗೇ ಇಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ಮಾತ್ರ ವಿನಾಯಿತಿ. ಗೆಳೆಯನ ರೈಫಲ್ಲಲ್ಲಿ 'ಸುಮ್ನೆ ಒಂದು ಗುಂಡು' ಹೊಡೆದರೂ ಅದು ಅಪರಾಧವಾಗಬಹುದು. ಐಡಾಹೊದಲ್ಲಿ 1975ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸಿಗೆ ಮೊದಲು ಹಂಟರ್ ಎಜುಕೇಶನ್ ಪಾಠ ಮುಗಿಸಿರಬೇಕು. ಖಾಸಗಿ ಹೊಲಕ್ಕೆ ಹೋಗುವುದಾದರೆ ಯಜಮಾನರ ಅನುಮತಿ ಬರಹದಲ್ಲಿ ಇರಲಿ. ಇನ್ನೊಂದು ಮಾತು: ಎಲ್ಲ ನೆಲದಳಿಲೂ ಒಂದೇ ಅಲ್ಲ. ಉತ್ತರ ಐಡಾಹೊ ನೆಲದಳಿಲು ಅನ್ನುವ ಜಾತಿ 2000ನೇ ಇಸವಿಯಿಂದ ಫೆಡರಲ್ ರಕ್ಷಣೆಯಲ್ಲಿದೆ. ಗುರುತು ಹಿಡಿಯಲು ಬರದಿದ್ದರೆ ಟ್ರಿಗರ್ ಮುಟ್ಟಬೇಡಿ.

ಗುರುತು ಹಿಡಿಯುವ ಕೆಲಸ ಬೈನಾಕ್ಯುಲರ್‌ದು. ಸ್ಕೋಪಿನಲ್ಲಿ 'ಅಲ್ಲೇನಿದೆ' ಅಂತ ನೋಡುವವನು ಅಲ್ಲಿರುವುದರ ಕಡೆಗೆ ಕೋವಿ ತಿರುಗಿಸಿರುತ್ತಾನೆ. ಅಲ್ಲಿ ಇರುವುದು ಯಜಮಾನರ ಮೊಮ್ಮಗನೂ ಆಗಿರಬಹುದು.

ಎಷ್ಟು ದೂರ, ಎಷ್ಟು ಸಣ್ಣದು

ಸ್ಕೋಪಿನ ಅಂಗಡಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಎರಡು ಸಂಖ್ಯೆ ಬರೆಯಿರಿ. ನೀವು ಹೊಡೆಯುವುದು ಎಷ್ಟು ದೂರಕ್ಕೆ? ಗುರಿ ಎಷ್ಟು ದೊಡ್ಡದು? ನನ್ನ ಚೀಟಿಯಲ್ಲಿ 'ಅಳಿಲು 20ರಿಂದ 80 ಗಜ, ಕಾಗದ 50 ಗಜ' ಅಂತಿತ್ತು. .22 ಎಲ್‌ಆರ್ ಅಂದರೆ ಲಾಂಗ್ ರೈಫಲ್ ಗುಂಡಿಗೆ ಇದಕ್ಕಿಂತ ದೂರ ಕಷ್ಟ. 50 ಗಜದಲ್ಲಿ ಗುರಿಗೇ ಬೀಳುವ ಹಾಗೆ ಸರಿಮಾಡಿದ ಸಾಧಾರಣ ವೇಗದ ಗುಂಡು 75 ಗಜದಲ್ಲಿ ಸುಮಾರು 2 ಇಂಚು ಕೆಳಗೆ ಬೀಳುತ್ತದೆ. 100 ಗಜದಲ್ಲಿ 6ರಿಂದ 7 ಇಂಚು. ಗಾಳಿ ಬೀಸಿದರೆ ಇನ್ನೊಂದು ಕಥೆ. ನಿಮ್ಮದು 2002ರಲ್ಲಿ ಬಂದ, ಇನ್ನೂ ಸಪೂರ, ವೇಗದ ಗುಂಡಿನ .17 ಎಚ್‌ಎಂಆರ್ ಆಗಿದ್ದರೆ ಚೀಟಿಯ ಸಂಖ್ಯೆ ಬೇರೆ. ಅದು 100 ಗಜಕ್ಕೆ ಸರಿಯಿದ್ದರೆ 150ರಲ್ಲೂ ಎರಡೂವರೆ ಇಂಚಿನಷ್ಟೇ ಇಳಿಯುತ್ತದೆ.

ಈಗ ಸ್ಕೋಪಿನ ಮೇಲಿನ ಅಂಕಿ ಓದೋಣ. 2-7×33 ಅಂದರೆ ಎರಡರಿಂದ ಏಳು ಪಟ್ಟು ದೊಡ್ಡದು ಮಾಡುತ್ತದೆ, ಮುಂದಿನ ಗಾಜಿನ ಅಗಲ 33 ಮಿಲಿಮೀಟರ್. ಹೆಚ್ಚು ಪಟ್ಟು ಅಂದರೆ ಹೆಚ್ಚು ಒಳ್ಳೆಯದು ಅನ್ನುವ ಭ್ರಮೆ ನನಗೂ ಇತ್ತು. ಪಟ್ಟು ಏರಿದ ಹಾಗೆ ಕಾಣುವ ಜಾಗ ಕಿರಿದಾಗುತ್ತದೆ. ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಬಿಸಿಲು ಏರಿದ ಮೇಲೆ ಹೊಲದಿಂದ ಏಳುವ ಬಿಸಿ ಗಾಳಿ, ಟಾರು ರಸ್ತೆಯ ಮೇಲೆ ನೀರಿನ ಹಾಗೆ ಕಾಣುತ್ತದಲ್ಲ, ಅದೂ ದೊಡ್ಡದಾಗುತ್ತದೆ. ಹತ್ತು ಗಂಟೆ ಮೇಲೆ ನನ್ನ 24 ಪಟ್ಟಿನ ಸ್ಕೋಪಿನಲ್ಲಿ ಅಳಿಲು ಕುದಿಯುವ ಸಾರಿನಲ್ಲಿ ಮುಳುಗಿದ ಬದನೆಕಾಯಿಯ ಹಾಗೆ ಕಾಣುತ್ತಿತ್ತು.

ಈಗ ನಾನು ಹೊಲದಲ್ಲಿ ಸ್ಕೋಪನ್ನು 4ಕ್ಕೆ ಇಟ್ಟುಕೊಂಡು ನಡೆಯುತ್ತೇನೆ. ಅಳಿಲು ಕಂಡು, ರೈಫಲ್ ಚೀಲದ ಮೇಲೆ ಕೂತ ಮೇಲೆ, ಸಮಯ ಇದ್ದರೆ 7ಕ್ಕೆ ಏರಿಸುತ್ತೇನೆ. ಕಾಗದದ ಗುರಿಗೆ ಯಾವಾಗಲೂ 7. ನಿಜ ಹೇಳಬೇಕೆಂದರೆ ಕಾಗದಕ್ಕೆ ಇದು ಸ್ವಲ್ಪ ಕಡಿಮೆಯೇ. ಅಂತರರಾಷ್ಟ್ರೀಯ 50 ಮೀಟರ್ ರೈಫಲ್ ಗುರಿಯ ನಡುವಿನ ಹತ್ತರ ವೃತ್ತ ಬರೀ 10.4 ಮಿಲಿಮೀಟರ್ ಅಗಲ. 7 ಪಟ್ಟಿನಲ್ಲಿ ಆ ಕಪ್ಪು ಭಾಗದಲ್ಲಿ ಬಿದ್ದ ತೂತು ಕಾಣುವುದಿಲ್ಲ. ನಿಮ್ಮ ವಾರದ ಮುಕ್ಕಾಲು ಗುಂಡು ಕಾಗದಕ್ಕೇ ಹೋಗುವುದಾದರೆ 3-9 ಅಥವಾ 4-12 ನೋಡಿ, ದೂರಕ್ಕೆ ತಕ್ಕ ಹಾಗೆ ಹೊಂದಿಸುವ ಉಂಗುರ ಇರುವಂಥದ್ದು. 12ರ ಮೇಲೆ ಹೋದರೆ ಅದು ಪುಟ್ಟ ಸ್ಕೋಪ್ ಅಲ್ಲ, ಮತ್ತೆ ಅಂಬಾರಿಯೇ.

ದೊಡ್ಡ ಗಾಜು ಬೆಳಕನ್ನು ಜಾಸ್ತಿ ತರುತ್ತದೆ, ಆದ್ದರಿಂದ 50 ತಗೊಳ್ಳಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಒಂದು ಭಾಗಾಕಾರ ಮಾಡಿ ನೋಡಿ. ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಚುಕ್ಕಿಯ ಅಗಲ ಸಿಗುತ್ತದೆ. 33 ಭಾಗ 7 ಅಂದರೆ 4.7 ಮಿಲಿಮೀಟರ್. 50 ಭಾಗ 24 ಅಂದರೆ 2.1. ಹಗಲಲ್ಲಿ ನಮ್ಮ ಕಣ್ಣಿನ ಪಾಪೆ ತೆರೆಯುವುದೇ 2ರಿಂದ 4 ಮಿಲಿಮೀಟರ್. ಅಳಿಲು ಹೊರಗೆ ಬರುವುದೂ ಹಗಲಲ್ಲೇ. ಸಾಕಲ್ವಾ? ಚುಕ್ಕಿ ದಪ್ಪ ಇದ್ದಷ್ಟೂ ತಲೆ ಒಂಚೂರು ಆಚೀಚೆ ಆದರೂ ಚಿತ್ರ ಕಪ್ಪಾಗುವುದಿಲ್ಲ. ಓಡಾಡುವ ಪ್ರಾಣಿಗೆ ಗುರಿಯಿಡುವಾಗ ಇದು ಬೆಳಕಿಗಿಂತ ದೊಡ್ಡ ಲಾಭ. ಕೊಳವೆ 30 ಮಿಲಿಮೀಟರ್ ದಪ್ಪ ಇದ್ದರೆ ಬೆಳಕು ಜಾಸ್ತಿ ಅನ್ನುವುದೂ ಅಂಥದ್ದೇ ಮಾತು. ಅದರಿಂದ ಸಿಗುವುದು ಮೇಲೆ ಕೆಳಗೆ ತಿರುಗಿಸಲು ಹೆಚ್ಚು ಜಾಗ. .22ಗೆ ಒಂದು ಇಂಚಿನ ಕೊಳವೆ ಧಾರಾಳ.

ಪ್ಯಾರಲಾಕ್ಸ್, ಅಂದರೆ ನನ್ನ ಎರಡನೇ ದಂಡ

ಮೊದಲ ಸ್ಕೋಪ್ ಮಾರಿ, ಜಿಂಕೆ ಬೇಟೆಗೆ ಮಾಡಿದ 3-9×40 ಒಂದನ್ನು ಸೆಕೆಂಡ್ ಹ್ಯಾಂಡಲ್ಲಿ ತಂದೆ. ಗಾಜು ಸೊಗಸಾಗಿತ್ತು. 100 ಗಜದ ಕಾಗದಕ್ಕೆ ಚೆನ್ನಾಗಿಯೇ ಬಿತ್ತು. ಹುಲ್ಲಿನ ಕೊಟ್ಟಿಗೆ ಪಕ್ಕ, 25 ಗಜದಲ್ಲಿ ಕೂತ ಅಳಿಲಿಗೆ ಮಾತ್ರ ಮೂರು ಗುಂಡು, ಮೂರೂ ತಪ್ಪು. ಅಷ್ಟು ಹತ್ತಿರದಲ್ಲಿ ತಪ್ಪಿದರೆ ಮುಖ ಎಲ್ಲಿಡೋದು?

ಕಾರಣ ಹೀಗೆ. ದೂರದ ವಸ್ತುವಿನ ಚಿತ್ರ ಮತ್ತು ರೆಟಿಕಲ್, ಅಂದರೆ ಒಳಗೆ ಕಾಣುವ ಕೂಡು ಗೆರೆ, ಇವೆರಡೂ ಸ್ಕೋಪಿನೊಳಗೆ ಒಂದೇ ಜಾಗದಲ್ಲಿ ಬೀಳಬೇಕು. ಹಾಗೆ ಬೀಳುವುದು ಒಂದೇ ಒಂದು ದೂರಕ್ಕೆ. ದೊಡ್ಡ ರೈಫಲ್ಲಿನ ಸ್ಕೋಪಿನಲ್ಲಿ ಕಾರ್ಖಾನೆಯವರು ಅದನ್ನು 100 ಅಥವಾ 150 ಗಜಕ್ಕೆ ಹೊಂದಿಸಿರುತ್ತಾರೆ. ಬೇರೆ ದೂರದಲ್ಲಿ ನಿಮ್ಮ ಕಣ್ಣು ನಡುವಿನಿಂದ ಸರಿದರೆ ಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ಇದೇ ಪ್ಯಾರಲಾಕ್ಸ್. ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಡ್ರೈವರ್ ಮುಂದಿನ ಮುಳ್ಳು ನೋಡಿದರೆ ವೇಗ ಬೇರೆಯಾಗಿ ಕಾಣುತ್ತದಲ್ಲ, ಹಾಗೆಯೇ.

ಎಷ್ಟು ಸರಿಯಬಹುದು? ಗಾಜಿನ ಅರ್ಧ ಅಗಲ 20 ಮಿಲಿಮೀಟರ್. 100 ಗಜಕ್ಕೆ ಹೊಂದಿಸಿದ್ದು, ಗುರಿ 25 ಗಜದಲ್ಲಿ, ವ್ಯತ್ಯಾಸ 75. ಅದನ್ನು 100ರಿಂದ ಭಾಗಿಸಿದರೆ ಮುಕ್ಕಾಲು. 20ರ ಮುಕ್ಕಾಲು 15 ಮಿಲಿಮೀಟರ್. ಕಣ್ಣು ಅಂಚಿಗೆ ಹೋದಾಗ ಆಗುವ ಗರಿಷ್ಠ ತಪ್ಪು ಇದು. ಅಳಿಲಿನ ತಲೆಯ ಅಗಲ ಒಂದು ಇಂಚಿನ ಆಸುಪಾಸು. ಲೆಕ್ಕ ಅಲ್ಲೇ ಮುಗಿಯಿತು.

ಆದ್ದರಿಂದ 'ರಿಮ್‌ಫೈರ್' (.22, .17ರಂಥ ಪುಟ್ಟ ಗುಂಡಿನ ವರ್ಗ) ಅಂತ ಬರೆದ ಸ್ಕೋಪೇ ಬೇಕು. ಲ್ಯೂಪೋಲ್ಡ್ ಕಂಪನಿಯ ರಿಮ್‌ಫೈರ್ ಸ್ಕೋಪುಗಳು 60 ಗಜಕ್ಕೆ ಹೊಂದಿಸಿ ಬರುತ್ತವೆ, ವೋರ್ಟೆಕ್ಸ್ ಕ್ರಾಸ್‌ಫೈರ್ 2 ರಿಮ್‌ಫೈರ್ 50 ಗಜಕ್ಕೆ. ಬೇಕಾದ ದೂರಕ್ಕೆ ತಿರುಗಿಸುವ ಉಂಗುರ ಇರುವುದು ಇನ್ನೂ ನಿಖರ, ಆದರೆ ತೂಕ, ಉದ್ದ, ಬೆಲೆ ಮೂರೂ ಏರುತ್ತವೆ. ಹೊಲದಲ್ಲಿ ಅದನ್ನು ತಿರುಗಿಸಲು ಮರೆಯುವುದೂ ಉಂಟು. ಕಾಗದದವರಿಗೆ ಉಂಗುರ ಇರಲಿ, ಹೊಲದವರಿಗೆ ಬೇಡ ಅನ್ನುವುದು ನನ್ನ ಅನಿಸಿಕೆ.

ನಿಮ್ಮ ಹತ್ತಿರ ಈಗಾಗಲೇ ಒಂದು ಸ್ಕೋಪ್ ಇದ್ದರೆ ಪರೀಕ್ಷೆ ಸುಲಭ. ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಬೋಲ್ಟ್ ತೆರೆದಿಡಿ. ಶೂಟಿಂಗ್ ರೇಂಜಿನಲ್ಲಿ ರೈಫಲ್ಲನ್ನು ಅಕ್ಕಿ ತುಂಬಿದ ಎರಡು ಚೀಲಗಳ ಮೇಲೆ ಕೂರಿಸಿ, ಗೆರೆಯನ್ನು 25 ಗಜದ ಚುಕ್ಕಿಗೆ ಇಡಿ. ಆಮೇಲೆ ರೈಫಲ್ ಮುಟ್ಟದೆ ತಲೆಯನ್ನು ಮೇಲೆ ಕೆಳಗೆ, ಆಚೆ ಈಚೆ ಮಾಡಿ. ಗೆರೆ ಚುಕ್ಕಿಯ ಮೇಲೆ ಈಜಾಡಿದರೆ ಆ ದೂರಕ್ಕೆ ಆ ಸ್ಕೋಪ್ ಅಲ್ಲ.

ಗೆರೆ, ಗುಂಡಿ, ಅಂಗಡಿ

ರೆಟಿಕಲ್ ವಿಷಯದಲ್ಲಿ ನಾನು ಹಳೇ ಕಾಲದವನು. ಅಂಚಿನಲ್ಲಿ ದಪ್ಪ, ನಡುವೆ ಸಪೂರ ಇರುವ ಸಾದಾ ಗೆರೆಯೇ ಸಾಕು. ದಪ್ಪ ಗೆರೆ 80 ಗಜದಲ್ಲಿ ಅಳಿಲಿನ ತಲೆಯನ್ನೇ ನುಂಗಿಬಿಡುತ್ತದೆ. ಕೆಳಗೆ ಎರಡು ಮೂರು ಸಣ್ಣ ಗುರುತು ಇದ್ದರೆ ದೂರದ ಇಳಿತಕ್ಕೆ ಉಪಯೋಗ. ಒಂದು ಎಚ್ಚರಿಕೆ: ಪುಟ್ಟ ಸ್ಕೋಪುಗಳಲ್ಲಿ ಹೆಚ್ಚಿನವು ಸೆಕೆಂಡ್ ಫೋಕಲ್ ಪ್ಲೇನ್. ಅಂದರೆ ಪಟ್ಟು ಬದಲಿಸಿದರೂ ಗೆರೆ ಅಷ್ಟೇ ಇರುತ್ತದೆ. ಆ ಗುರುತುಗಳ ಅಳತೆ ಒಂದೇ ಪಟ್ಟಿಗೆ ಸರಿ, ಸಾಮಾನ್ಯವಾಗಿ ಅತಿ ಹೆಚ್ಚಿನ ಪಟ್ಟಿಗೆ. ಫಸ್ಟ್ ಫೋಕಲ್ ಪ್ಲೇನಲ್ಲಿ ಅಳತೆ ಯಾವಾಗಲೂ ಸರಿ, ಆದರೆ ಕಡಿಮೆ ಪಟ್ಟಿನಲ್ಲಿ ಗೆರೆ ಜೇಡರ ಬಲೆಯ ಎಳೆಯಷ್ಟು ಸಪೂರ. ಒಣ ಹುಲ್ಲಿನ ಎದುರು ಹುಡುಕಬೇಕು.

ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಎಲ್ಲ ಸ್ಕೋಪೂ ಚೆನ್ನಾಗಿಯೇ ಕಾಣುತ್ತದೆ. ಕೇಳಿಕೊಂಡು ಬಾಗಿಲ ಹತ್ತಿರ ಹೋಗಿ. ನೆರಳಿನಲ್ಲಿರುವ ಗೋಡೆಯ ಇಟ್ಟಿಗೆ ನೋಡಿ. ನಡುವೆ ಚೂಪಾಗಿದ್ದು ಅಂಚಿನಲ್ಲಿ ಕಲಸಿಹೋದರೆ ಗಾಜು ಕಡಿಮೆ ದರ್ಜೆಯದು. ಮೇಲಿನ ಮುಚ್ಚಳ ಬಿಚ್ಚಿ, ಗೆರೆ ಸರಿಸುವ ಗುಂಡಿಯನ್ನು ಕ್ಲಿಕ್ ಕ್ಲಿಕ್ ಅಂತ ತಿರುಗಿಸಿ. ಒಂದೊಂದೂ ಬೆರಳಿಗೆ ತಿಳಿಯಬೇಕು, ಹಳೇ ರೇಡಿಯೋ ಗುಂಡಿಯ ಹಾಗೆ ಜಾರಬಾರದು. ಹೊಲಕ್ಕೆ ಮುಚ್ಚಳ ಇರುವ ಗುಂಡಿಯೇ ಒಳ್ಳೆಯದು. ಜೀಪಿನ ಸೀಟಿಗೆ ಉಜ್ಜಿ ತಿರುಗುವುದಿಲ್ಲ.

ಸ್ಪ್ರಿಂಗ್ ಏರ್ ಗನ್ ಇದ್ದವರು ಮಾತ್ರ ನನ್ನ ಮಾತು ಕೇಳಿ .22 ಸ್ಕೋಪ್ ಹಾಕಬೇಡಿ. ಅದು ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ದೊಡ್ಡ ರೈಫಲ್ಲಿನ ಸ್ಕೋಪನ್ನೂ ಅದು ಮುರಿದದ್ದಿದೆ. 'ಏರ್ ಗನ್ನಿಗೆ' ಅಂತ ಬರೆದಿರುವುದನ್ನೇ ತಗೊಳ್ಳಿ. ಊರಲ್ಲಿ ಮಕ್ಕಳನ್ನು 10 ಮೀಟರ್ ಏರ್ ರೈಫಲ್ ತರಬೇತಿಗೆ ಸೇರಿಸಿದವರಿಗೆ ಸ್ಕೋಪೇ ಬೇಡ, ಆ ಸ್ಪರ್ಧೆಯಲ್ಲಿ ಹಾಕುವ ಹಾಗಿಲ್ಲ. ಭಾವ ಕೇಳಿದ ಅಂತ ಇಲ್ಲಿಂದ ಸೂಟ್‌ಕೇಸಲ್ಲಿ ಸ್ಕೋಪ್ ತುರುಕಿಕೊಂಡು ಹೋಗುವ ಯೋಚನೆಯನ್ನೂ ಬಿಡಿ. ರೈಫಲ್ ಸ್ಕೋಪು ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ. ಚಾಕೊಲೇಟ್ ಒಯ್ಯಿರಿ.

ಅಡುಗೆಮನೆ ಮೇಜಿನ ಮೇಲೆ

ಈಗ ನನ್ನ ಹತ್ತಿರ ಇರುವುದು 2-7×33. ಹೆಂಡತಿಯ ಹಿಟ್ಟಿನ ತಕ್ಕಡಿಯಲ್ಲಿ ತೂಗಿದೆ. ಮೊದಲನೆಯದರ ಅರ್ಧವೂ ಬರಲಿಲ್ಲ. "ಅದರಲ್ಲಿ ನಾಳೆ ಹಿಟ್ಟು ತೂಗಬೇಕು, ಒರೆಸಿ ಇಡಿ" ಅಂದಳು. ಒರೆಸಿದೆ.

ಪುಟ್ಟ ಗಾಜಿನ ದೊಡ್ಡ ಲಾಭ ಕಾಣುವುದು ಕೂರಿಸುವಾಗ. ಮುಂಭಾಗ ಸಣ್ಣದಿದ್ದರೆ ಸ್ಕೋಪನ್ನು ರೈಫಲ್ಲಿಗೆ ಹಿಡಿಸುವ ರಿಂಗ್ ಕುಳ್ಳಗಿರುವುದನ್ನು ಹಾಕಬಹುದು, ಸ್ಕೋಪ್ ನಳಿಗೆಗೆ ಹತ್ತಿರ ಕೂರುತ್ತದೆ. ಆಗ ಕೆನ್ನೆ ಸ್ಟಾಕಿಗೆ, ಅಂದರೆ ರೈಫಲ್ಲಿನ ಹಿಂಬದಿಯ ಹಿಡಿಗೆ, ಗಟ್ಟಿಯಾಗಿ ಒತ್ತುತ್ತದೆ. ಕೆನ್ನೆ ಪ್ರತಿ ಸಲ ಒಂದೇ ಜಾಗಕ್ಕೆ ಬಂದರೆ ಪ್ಯಾರಲಾಕ್ಸ್ ತಪ್ಪು ಅರ್ಧ ಅಲ್ಲೇ ಸತ್ತಿತು. ಆ 50 ಮಿಲಿಮೀಟರ್ ಸ್ಕೋಪಿಗೆ ನಾನು ಒಂಟೆ ಮರಿಯ ಹಾಗೆ ಕತ್ತು ಎತ್ತಬೇಕಿತ್ತು.

ರಿಂಗ್ ತರುವ ಮುಂಚೆ ರೈಫಲ್ಲಿನ ತಲೆ ನೋಡಿ. ಸೀಝಡ್ 457 ಅನ್ನುವ ರೈಫಲ್ಲಿನ ಮೇಲೆ 11 ಮಿಲಿಮೀಟರ್ ತೋಡು ಇರುತ್ತದೆ, ಡವ್‌ಟೇಲ್ ಅಂತಾರೆ. 10/22ರಲ್ಲಿ ಸ್ಕ್ರೂ ಹಾಕುವ ಬೇಸ್ ಬರುತ್ತದೆ. ಒಂದರ ರಿಂಗ್ ಇನ್ನೊಂದಕ್ಕೆ ಕೂರಲ್ಲ.

ಸ್ಕ್ರೂ ಸಡಿಲ ಇರುವಾಗಲೇ ಕಣ್ಣಿನ ದೂರ ಹೊಂದಿಸಿ. ನಾನು ಮಾಡುವುದು ಹೀಗೆ. ಖಾಲಿ ರೈಫಲ್ಲಿನ ಮೂತಿ ಭದ್ರವಾದ ಕಡೆಗಿರಲಿ. ಸ್ಕೋಪನ್ನು ಕೊನೆಯ ಪಟ್ಟಿಗೆ ತಿರುಗಿಸಿ, ಕಣ್ಣು ಮುಚ್ಚಿ, ರೈಫಲ್ಲನ್ನು ಹೆಗಲಿಗೆ ತಂದು ಕೆನ್ನೆ ಇಟ್ಟು ಕಣ್ಣು ತೆರೆಯುತ್ತೇನೆ. ಸುತ್ತ ಕಪ್ಪು ಉಂಗುರ ಕಂಡರೆ ಸ್ಕೋಪನ್ನು ಒಂಚೂರು ಹಿಂದೆ ಅಥವಾ ಮುಂದೆ ಜಾರಿಸುತ್ತೇನೆ. ಮತ್ತೆ ಕಣ್ಣು ಮುಚ್ಚುವುದು. ಐದಾರು ಸಲ ಆಗುತ್ತದೆ, ಬೇಸರ ಬೇಡ. ಆಮೇಲೆ ಹಿಂದಿನ ಫೋಕಸ್ ಉಂಗುರ. ಬಿಳಿ ಗೋಡೆ ನೋಡಿ, ಎರಡೇ ಸೆಕೆಂಡ್. ಗೆರೆ ಮಸುಕಾಗಿದ್ದರೆ ಕಣ್ಣು ಆಚೆ ತೆಗೆದು, ಉಂಗುರ ತಿರುಗಿಸಿ, ಮತ್ತೆ ಎರಡು ಸೆಕೆಂಡ್. ಜಾಸ್ತಿ ಹೊತ್ತು ನೋಡಿದರೆ ಕಣ್ಣೇ ಹೊಂದಿಕೊಂಡು 'ಸರಿಯಾಗಿದೆ' ಅಂತ ಸುಳ್ಳು ಹೇಳುತ್ತದೆ.

ರಿಂಗಿನ ಸ್ಕ್ರೂಗಳನ್ನು ಕಾರಿನ ಚಕ್ರದ ಹಾಗೆ ಎದುರುಬದುರು, ಸ್ವಲ್ಪ ಸ್ವಲ್ಪ ಬಿಗಿಯಿರಿ. ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್ ಸಾಕು, ಅಂದರೆ ಸುಮಾರು 2 ನ್ಯೂಟನ್ ಮೀಟರ್. ರಿಂಗಿನ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಗಂಡಸ್ತನ ತೋರಿಸಲು ಹೋದರೆ ಕೊಳವೆಗೆ ಗಾಯ.

ಗುಂಡು ಹೊಡೆದು ನೋಡುವುದು

ಬೋಲ್ಟ್ ರೈಫಲ್ ಆದರೆ ಬೋಲ್ಟ್ ತೆಗೆದು ನಳಿಗೆಯೊಳಗಿಂದಲೇ ಗುರಿ ನೋಡಿ, ಗೆರೆಯನ್ನೂ ಅಲ್ಲಿಗೆ ತರಬಹುದು. 10/22ರಲ್ಲಿ ಹಿಂದಿನಿಂದ ಕಾಣುವುದಿಲ್ಲ. ಅದಕ್ಕೆ 25 ಗಜದಲ್ಲಿ ದೊಡ್ಡ ರಟ್ಟು ನಿಲ್ಲಿಸಿ ಶುರು ಮಾಡಿ. ಕಾಲು ಎಂಓಎ ಸ್ಕೋಪಿನಲ್ಲಿ, ಅಂದರೆ ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಸುಮಾರು ಕಾಲು ಇಂಚು ಸರಿಯುವಂಥದ್ದರಲ್ಲಿ, ಒಂದು ಇಂಚು ಸರಿಸಲು 25 ಗಜದಲ್ಲಿ 16 ಕ್ಲಿಕ್, 50 ಗಜದಲ್ಲಿ 8, 100 ಗಜದಲ್ಲಿ 4. ಇದೊಂದು ಬಾಯಿಪಾಠ ಇರಲಿ. ಒಂದು ಗುಂಡು ನೋಡಿ ತಿರುಗಿಸಬೇಡಿ. ಮೂರಾದರೂ ಬೀಳಲಿ, ಅವುಗಳ ನಡುವಿನಿಂದ ಅಳೆಯಿರಿ.

50 ಗಜಕ್ಕೆ ಸರಿಯಾದ ಮೇಲೆ ಚೌಕದ ಪರೀಕ್ಷೆ. ಗುರಿ ಒಂದೇ ಚುಕ್ಕಿಗೆ ಇರಬೇಕು. ಮೂರು ಗುಂಡು. 20 ಕ್ಲಿಕ್ ಮೇಲೆ, ಮೂರು ಗುಂಡು. 20 ಬಲಕ್ಕೆ, ಮೂರು. 20 ಕೆಳಗೆ, ಮೂರು. 20 ಎಡಕ್ಕೆ, ಕೊನೆಯ ಮೂರು. ಒಂದೊಂದು ಬದಿಯೂ ಎರಡೂವರೆ ಇಂಚು ಚಿಲ್ಲರೆ ಇರುವ ಚೌಕ ಮೂಡಬೇಕು. ಕೊನೆಯ ಮೂರು ಮೊದಲ ಮೂರರ ಮೇಲೇ ಬೀಳಬೇಕು. ಬೀಳದಿದ್ದರೆ ಮೊದಲು ರಿಂಗಿನ ಸ್ಕ್ರೂ ನೋಡಿ. ಅದೂ ಸರಿಯಿದ್ದರೆ ಬಿಲ್ ಹುಡುಕಿ, ವಾಪಸ್ ಕೊಡಿ. ಈ ಹದಿನೈದು ಗುಂಡಿನ ಖರ್ಚು ಯಾವ ವಿಮರ್ಶೆಗಿಂತಲೂ ಅಗ್ಗ.

ಇನ್ನು ಇಡುವ ವಿಷಯ. ಐಡಾಹೊ ಒಣ ಸೀಮೆ, ಇಲ್ಲಿ ಗಾಜಿಗೆ ಏನೂ ಆಗಲ್ಲ. ಕೊಡಗು, ಮಲೆನಾಡಿನ ಮಳೆಗಾಲ ಕಂಡವರಿಗೆ ಗೊತ್ತು. ಅಪ್ಪನ ಬೈನಾಕ್ಯುಲರ್ ಒಳಗೆ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಬಿಳಿ ಬೂಷ್ಟು ಬಲೆ ನೇಯ್ದಿತ್ತು. ಅಲ್ಲಿ ಇಡುವುದಾದರೆ ಚರ್ಮದ ಚೀಲದಲ್ಲಿ ಬೇಡ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಮ್ಮೆ ಪೊಟ್ಟಣ ಬಿಸಿಮಾಡಿ ಒಣಗಿಸುವುದು.

ಹೊಡೆದ ಅಳಿಲನ್ನು ಹೊಲದಲ್ಲಿ ಬಿಟ್ಟರೆ ಗಿಡುಗ, ಹದ್ದು ತಿನ್ನುತ್ತವೆ. ಒಳಗಿನ ಸೀಸದ ಚೂರು ಅವುಗಳಿಗೆ ವಿಷ. ಸೀಸವಿಲ್ಲದ ಗುಂಡು ಸಿಕ್ಕರೆ ಅದನ್ನೇ ಹಾಕಿ. ಗುಂಡು ಬದಲಿಸಿದ ದಿನ ಮತ್ತೆ 50 ಗಜದ ಕಾಗದದಿಂದ ಶುರು ಮಾಡಬೇಕು, ಬೀಳುವ ಜಾಗ ಬೇರೆಯಾಗುತ್ತದೆ.

ನನ್ನ ಸ್ಕೋಪಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. 10 ಗಜ: ಅರ್ಧ ಇಂಚಿಗಿಂತ ಜಾಸ್ತಿ ಕೆಳಗೆ, ಯಾಕೆಂದರೆ ಸ್ಕೋಪ್ ನಳಿಗೆಗಿಂತ ಮೇಲಿದೆ. 50: ಸೊನ್ನೆ. 75: 11 ಕ್ಲಿಕ್. 100: 26 ಕ್ಲಿಕ್, ಗಾಳಿ ಇದ್ದರೆ ಬೇಡ. ಮಗಳು ಅದರ ಮೇಲೆ ನೇರಳೆ ಬಣ್ಣದಲ್ಲಿ ಅಳಿಲಿನ ಚಿತ್ರ ಬರೆದಿದ್ದಾಳೆ. ಬಾಲ 75ರ ಸಾಲಿನ ಮೇಲೆ ಬಂದಿದೆ. ಅದನ್ನು ಒರೆಸಲು ಮನಸ್ಸಾಗಿಲ್ಲ, 11 ನೆನಪಿಟ್ಟುಕೊಂಡಿದ್ದೇನೆ.